ಇಪ್ಪತ್ತೊಂದನೆಯ ಎಲೆ

ಬೇಲಿಯಾಚೆಯ ಮುದುಕಿಗೆ ಎಣಿಸಲು ಬರುವುದಿಲ್ಲ ಎಂದು ಆಗ ಆಶ್ರಮದಲ್ಲಿ ಎಲ್ಲರೂ ನಂಬಿದ್ದರು.

ಆ ನಂಬಿಕೆಗೆ ಆಧಾರವೂ ಇತ್ತು. ಎಲ್ಲ ನಂಬಿಕೆಗಳಿಗೆ ಅಷ್ಟು ಭಾಗ್ಯವಿರುವುದಿಲ್ಲ.

ದಿನಾ ಬೆಳಿಗ್ಗೆ ಆಕೆ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಸೇರಿಸಿ ಊಟದ ಎಲೆ ಹಚ್ಚುತ್ತಿದ್ದಳು. ಅವನ್ನು ಬಾಳೆನಾರಿನಿಂದ ಕಟ್ಟಿ, ಕಟ್ಟನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ ಹೋಗುತ್ತಿದ್ದಳು. ಆಶ್ರಮದಲ್ಲಿ ಎಲೆಯ ಮೇಲೆ ಉಣ್ಣುವವರು ಇಪ್ಪತ್ತು ಮಂದಿ: ಹತ್ತೊಂಬತ್ತು ಮಕ್ಕಳು, ಅವರಿಗೆ ಪಾಠ ಹೇಳುವ ಚಿದಂಬರ. ಗುರುಗಳು ಬಟ್ಟಲಲ್ಲಿ ಗಂಜಿ ಕುಡಿಯುತ್ತಿದ್ದರು, ಅವರಿಗೆ ಎಲೆ ಬೇಡ.

ಕಟ್ಟಿನಲ್ಲಿ ಇಪ್ಪತ್ತೊಂದು ಎಲೆ ಇರುತ್ತಿತ್ತು, ಯಾವಾಗಲೂ ಒಂದು ಹೆಚ್ಚು.

ಒಂದು ದಿನವಲ್ಲ, ಎರಡು ದಿನವಲ್ಲ. ಎರಡು ವರ್ಷ.

ಆಕೆ ಎಲ್ಲಿಂದ ಬಂದಳೆಂದು ಯಾರೂ ಕೇಳಿರಲಿಲ್ಲ. ನದಿಗೆ ಸೇತುವೆಯಾದ ಮೇಲೆ ಅಂಬಿಗರು ಬಿಟ್ಟುಹೋದ ಗುಡಿಸಲೊಂದು ಬೇಲಿಯ ಆಚೆಗಿತ್ತು. ಒಂದು ಬೇಸಿಗೆಯಲ್ಲಿ ಅದರ ಸೂರಿನಿಂದ ಹೊಗೆ ಎದ್ದಿತು. ಒಳಗೆ ಒಬ್ಬ ಮುದುಕಿ, ಒಂದು ಮೇಕೆ. ಆಶ್ರಮದ ಅಂಚಿನ ಮುತ್ತುಗದ ಮರಗಳಿಂದ ಎಲೆ ಕೊಯ್ದುಕೊಳ್ಳಬಹುದೇ ಎಂದು ಆಕೆ ಬೇಲಿಯ ಹೊರಗೆ ನಿಂತು ಕೇಳಿದಳು. ಚಿದಂಬರ ಒಳಗೆ ಹೋಗಿ ಗುರುಗಳನ್ನು ಕೇಳಿದ. ಕೊಯ್ದುಕೊಳ್ಳಲಿ ಎಂದರು ಗುರುಗಳು. ಮರುದಿನದಿಂದ ಕಟ್ಟು ಬರತೊಡಗಿತು.

ಆಮೇಲೆ ಆಕೆ ಯಾರ ಜೊತೆಯೂ ಮಾತಿಗೆ ನಿಲ್ಲಲಿಲ್ಲ. ಆಕೆಯ ಜೊತೆಯೂ ಯಾರೂ ಮಾತಿಗೆ ನಿಲ್ಲಲಿಲ್ಲ. ಇವೆರಡರಲ್ಲಿ ಮೊದಲನೆಯದನ್ನು ಮಾತ್ರ ಆಶ್ರಮದವರು ಗಮನಿಸಿದ್ದರು.

ಇಲ್ಲಿ ಭೇದವಿಲ್ಲ ಎಂದು ಆಶ್ರಮದ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಗೋಡೆ ಬೇಲಿಯ ಈಚೆಗಿತ್ತು.

ಹೆಚ್ಚಿಗೆ ಬಂದ ಎಲೆಯನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಚಿದಂಬರನಿಗೆ ಗೊಂದಲವಿರಲಿಲ್ಲ. ಬೇಕಾದ್ದಕ್ಕಿಂತ ಒಂದು ಕಾಳೂ ಹೆಚ್ಚಿಗೆ ಇಟ್ಟುಕೊಳ್ಳಬಾರದು ಎಂಬುದು ಆಶ್ರಮದ ವ್ರತ. ಆದ್ದರಿಂದ ಊಟ ಮುಗಿದ ಮೇಲೆ ಅವನು ಇಪ್ಪತ್ತೊಂದನೆಯ ಎಲೆಯನ್ನು ಮಡಿಸದೆ, ಹರಿಯದೆ, ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಅದೇ ಗೂಟಕ್ಕೆ ಸಿಕ್ಕಿಸಿ ಬರುತ್ತಿದ್ದ. ಬರುವಾಗ ಮನಸ್ಸು ಹಗುರಾಗಿರುತ್ತಿತ್ತು. ಇನ್ನೊಬ್ಬರ ಸ್ವತ್ತನ್ನು ಹಿಂದಿರುಗಿಸಿದವನ ನಡಿಗೆಯೇ ಬೇರೆ.

ಮರುದಿನ ಮತ್ತೆ ಇಪ್ಪತ್ತೊಂದು.

ಸಂತೆಯಲ್ಲಿ ಕೊಡುವ ಹಾಗೆ ಕೊಸರು ಕೊಡುತ್ತಿರಬೇಕು ಎಂದು ಮೊದಲು ಅಂದುಕೊಂಡ. ಆದರೆ ಕೊಸರನ್ನು ಯಾರೂ ಹಿಂದಿರುಗಿಸುವುದಿಲ್ಲ, ಹಿಂದಿರುಗಿಸಿದರೆ ಯಾರೂ ಮತ್ತೆ ಕೊಡುವುದಿಲ್ಲ. ಆಮೇಲೆ, ಗುರುಗಳಿಗೂ ಸೇರಿಸಿ ಹಚ್ಚುತ್ತಿರಬೇಕು ಎನಿಸಿತು. ಒಮ್ಮೆ ಬೇಲಿಯ ಹತ್ತಿರ ನಿಂತು ಕೂಗಿ ಹೇಳಿದ:

"ಗುರುಗಳು ಎಲೆಯಲ್ಲಿ ಊಟ ಮಾಡೋದಿಲ್ಲಮ್ಮ. ಗಂಜಿ ಮಾತ್ರ."

ಮೇಕೆಗೆ ಸೊಪ್ಪು ಹಾಕುತ್ತಿದ್ದ ಮುದುಕಿ ತಿರುಗಿ ನೋಡಿದಳು.

"ಗೊತ್ತು," ಎಂದಳು.

ಮರುದಿನವೂ ಇಪ್ಪತ್ತೊಂದೇ ಬಂತು. ಆಕೆಗೆ ಲೆಕ್ಕ ಬರುವುದಿಲ್ಲ ಎಂದು ತೀರ್ಮಾನಿಸಿದ್ದು ಆ ದಿನ.

ಹೊನ್ನಿಗೆ ಮಾತ್ರ ತೀರ್ಮಾನ ಒಪ್ಪಿಗೆಯಾಗಲಿಲ್ಲ. ಅವಳಿಗೆ ಹತ್ತು ವರ್ಷ, ಮೂಗಿನ ಮೇಲೆ ಒಂದು ಗಾಯದ ಗುರುತು, ಎಲ್ಲದಕ್ಕೂ ಒಂದು ಪ್ರಶ್ನೆ.

"ಅಯ್ನೋರೇ, ಲೆಕ್ಕ ಬರದವರಿಗೆ ಒಂದಿನ ಹದಿನೆಂಟಾಗ್ಬೇಕು, ಒಂದಿನ ಇಪ್ಪತ್ತಮೂರಾಗ್ಬೇಕು. ದಿನಾ ಒಂದೇ ಹೆಚ್ಚು ಹೇಗಾಗುತ್ತೆ?"

"ತಪ್ಪು ಅಭ್ಯಾಸ ಆಗಿಬಿಟ್ಟಿದೆ."

"ಬೊಮ್ಮ ಹೊಸದಾಗಿ ಸೇರಿದನಲ್ಲ, ಅದರ ಮಾರನೇ ದಿನವೇ ಎಲೇನೂ ಒಂದು ಏರಿತು. ಅದು ಹೇಗೆ?"

"ಹೊನ್ನಿ."

"ಏನು ಅಯ್ನೋರೇ?"

"ಹದಿಮೂರರ ಮಗ್ಗಿ ಒಪ್ಪಿಸು."

ಅವಳು ಒಪ್ಪಿಸಿದಳು. ಒಂದೂ ತಪ್ಪಿಲ್ಲದೆ ಒಪ್ಪಿಸಿ, ಅವನ ಮುಖ ನೋಡುತ್ತ ನಿಂತಳು. ಅವನು ಮುಂದಿನ ಪಾಠಕ್ಕೆ ಹೋದ.

ಗುರುಗಳು ಕಾಲಿನ ಸ್ವಾಧೀನ ತಪ್ಪಿ ಮಲಗಿ ಮೂರು ವರ್ಷವಾಗುತ್ತ ಬಂದಿತ್ತು. ಅವರ ಮಂಚ ನದಿಯ ಕಡೆಯ ಕೋಣೆಯಲ್ಲಿತ್ತು. ಕಿಟಕಿಯಿಂದ ನೀರು ಕಾಣುತ್ತಿತ್ತು, ಬೇಲಿ ಕಾಣುತ್ತಿರಲಿಲ್ಲ. ಬೇಲಿಯಾಚೆಯವಳನ್ನು ಅವರು ಒಮ್ಮೆಯೂ ನೋಡಿದವರಲ್ಲ. ಅವಳ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದೆಲ್ಲ ಚಿದಂಬರ ಹೇಳಿದ್ದು. ಚಿದಂಬರ ಹೆಚ್ಚೇನೂ ಹೇಳಿರಲಿಲ್ಲ.

ಒಂದು ದಿನ ಬೇಲಿಯ ಕಡೆಯಿಂದ ಮಕ್ಕಳ ಗಲಾಟೆ ಕೇಳಿತು. ಎಲ್ಲರೂ ಸೇರಿ ಒಂದೇ ರಾಗದಲ್ಲಿ, "ಹದಿನೆಂಟು! ಹತ್ತೊಂಬತ್ತು! ಇಪ್ಪತ್ತು! ಆಮೇಲೆ ಸುಸ್ತು!" ಎಂದು ಕೂಗಿ ನಗುತ್ತಿದ್ದರು.

ಗುರುಗಳು ಚಿದಂಬರನನ್ನು ಕರೆಸಿದರು.

"ಅದೇನು ಮಗ್ಗಿ, ಬೇಲಿಯ ಹತ್ತಿರ?"

"ಮಕ್ಕಳು, ಗುರುಗಳೇ. ಪಕ್ಕದ ಆಯಮ್ಮನನ್ನು ರೇಗಿಸ್ತಿದ್ದಾರೆ."

"ಯಾಕೆ?"

ಎಲೆಯ ವಿಷಯ ಚಿದಂಬರನ ಬಾಯಿಗೆ ಬಂತು. ಹೇಳಲಿಲ್ಲ. ಊಟದೆಲೆಯಂಥ ಸಣ್ಣ ಸಂಗತಿಯನ್ನು ಅವರ ಮುಂದೆ ಇಡಲು ನಾಚಿಕೆಯಾಯಿತು.

"ಆಯಮ್ಮ ಒಂಟಿ ಸ್ವಭಾವದವರು. ಯಾರನ್ನೂ ಸೇರಿಸೋದಿಲ್ಲ. ಮಕ್ಕಳಿಗೆ ಅದು ತಮಾಷೆ."

"ಆಯಮ್ಮನ ಹೆಸರೇನು?"

"ಕೇಳಿಲ್ಲ."

"ಬಂದು ಎಷ್ಟು ದಿನವಾಯಿತು?"

"ಎರಡು ವರ್ಷ."

"ಎರಡು ವರ್ಷ ಹೆಸರು ಕೇಳದೆ ಹೇಗೆ ಇದ್ದೆ?"

"ತೊಂದರೆ ಕೊಡಬಾರದು ಅಂತ, ಗುರುಗಳೇ."

ಗುರುಗಳು ದಿಂಬಿನ ಕೆಳಗಿನಿಂದ ಬೀಗದ ಕೈ ಗೊಂಚಲನ್ನು ಹೊರತೆಗೆದರು. ಉಗ್ರಾಣದ್ದು, ಪುಸ್ತಕದ ಕೋಣೆಯದು, ಮುಂಬಾಗಿಲಿನದು. ಹೊಟ್ಟೆಯ ಮೇಲೆ ಇಟ್ಟುಕೊಂಡರು.

"ನನ್ನದು ಇನ್ನು ಹೆಚ್ಚು ದಿನವಿಲ್ಲ. ಈ ಮಕ್ಕಳನ್ನು ಯಾರಿಗಾದರೂ ಒಪ್ಪಿಸಬೇಕು."



ಒಂಬತ್ತು ವರ್ಷದವನಿದ್ದಾಗ ಅವನನ್ನು ಯಾರೋ ಈ ಬಾಗಿಲಿನಲ್ಲಿ ಬಿಟ್ಟುಹೋಗಿದ್ದರು. ಈಗ ಮೂವತ್ತೊಂದು. ಆಶ್ರಮದ ಹೊರಗೆ ಅವನ ಹೆಸರು ಗೊತ್ತಿದ್ದವರು ಯಾರೂ ಉಳಿದಿರಲಿಲ್ಲ. ಈ ಬೀಗದ ಕೈ ಬೇರೆಯವರ ಸೊಂಟಕ್ಕೆ ಹೋದರೆ, ಅವರು ಇರು ಎಂದರೆ ಇರಬೇಕು, ಹೋಗು ಎಂದರೆ ಹೋಗಬೇಕು. ಹೋಗಲು ಬೇರೆ ಜಾಗವಿರಲಿಲ್ಲ.

"ವ್ಯಾಕರಣ ನೀನು ಚೆನ್ನಾಗಿ ಹೇಳಿಕೊಡುತ್ತೀಯ," ಎಂದರು ಗುರುಗಳು. "ಗಣಿತವೂ ಚೆನ್ನಾಗಿದೆ. ಈಗ ಪಕ್ಕದ ಮನೆಯವರ ಜೊತೆ ಹೇಗಿರಬೇಕು ಅಂತ ಕಲಿಸು. ದೀಪಾವಳಿಯ ಒಳಗೆ. ಅದನ್ನು ಕಲಿಸಿದರೆ ಇದು ನಿನ್ನದು. ಇಲ್ಲದಿದ್ದರೆ ಹೊಳೆಯಾಚೆಯ ಮಠದಿಂದ ಇನ್ನೊಬ್ಬರನ್ನು ಕರೆಸುತ್ತೇನೆ."

"ಅಷ್ಟೇನಾ, ಗುರುಗಳೇ?"

"ಅಷ್ಟೇ."

ಇದು ಸುಲಭ ಎನಿಸಿತು ಚಿದಂಬರನಿಗೆ.

ಮೊದಲು ಬೈದ. ರೇಗಿಸಿದವರಿಗೆಲ್ಲ ನದಿಯಿಂದ ನಲವತ್ತು ಕೊಡ ನೀರು ಹೊರುವ ಶಿಕ್ಷೆ ಕೊಟ್ಟ. ಆಮೇಲೆ ಆಲದ ಕಟ್ಟೆಯ ಮೇಲೆ ಕೂತು ಗೌರವದ ಬಗ್ಗೆ ಪಾಠ ಮಾಡಿದ. ಪಾಠ ಚೆನ್ನಾಗಿಯೇ ಇತ್ತು. ಮಕ್ಕಳು ಆಕಳಿಸುವಷ್ಟು ಉದ್ದವೂ ಇತ್ತು.

"ಕೆಲವರಿಗೆ ಏಕಾಂತ ಬೇಕಾಗಿರುತ್ತೆ. ಅದನ್ನು ನಾವು ಕೆಡಿಸಬಾರದು. ಬೇಲಿಯ ಹತ್ತಿರ ಕೂಗಬಾರದು. ದಿಟ್ಟಿಸಿ ನೋಡಬಾರದು. ಆಯಮ್ಮ ಕಂಡರೆ ತಲೆ ಬಗ್ಗಿಸಿ, ಸದ್ದಿಲ್ಲದೆ ಹೋಗಿಬಿಡಬೇಕು. ತಿಳೀತಾ?"

"ತಿಳೀತು ಅಯ್ನೋರೇ."

"ಅಯ್ನೋರೇ," ಎಂದಳು ಹೊನ್ನಿ. "ಏಕಾಂತ ಬೇಕು ಅಂತ ಅಜ್ಜಿ ಹೇಳಿದ್ರಾ?"

"ಅಂಥವರು ಹೇಳೋದಿಲ್ಲ."

"ಹೇಳದೆ ನಿಮಗೆ ಹೇಗೆ ಗೊತ್ತಾಯ್ತು?"

"ನಿನಗೆ ಹತ್ತು ಕೊಡ ಹೆಚ್ಚು."

ಇನ್ನೊಂದು ವಿಷಯ ಅವನ ಗಮನಕ್ಕೆ ಬಂದಿತ್ತು. ಮಧ್ಯಾಹ್ನ ಆಶ್ರಮದಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮುದುಕಿ ಗುಡಿಸಲಿನಿಂದ ಹೊರಬಂದು, ಕೈಕಾಲು ತೊಳೆದುಕೊಂಡು, ಬೇಲಿಯ ಬಳಿಯ ಚಪ್ಪಡಿ ಕಲ್ಲಿನ ಮೇಲೆ ಕೂರುತ್ತಿದ್ದಳು. ಊಟದ ಪಡಸಾಲೆ ಅಲ್ಲಿಂದ ನೇರ ಕಾಣುತ್ತಿತ್ತು. ಉಣ್ಣುವಾಗ ಮಕ್ಕಳ ಕಣ್ಣು ಅತ್ತ ಹೋಗುತ್ತಿತ್ತು, ಆಕೆಗೆ ಮುಜುಗರವಾಗುತ್ತಿರಬೇಕು. ಚಿದಂಬರ ಅದಕ್ಕೂ ದಾರಿ ಕಂಡುಹಿಡಿದ. ಪಂಕ್ತಿಯ ದಿಕ್ಕು ಬದಲಿಸಿದ. ಅಂದಿನಿಂದ ಎಲ್ಲರೂ ಬೇಲಿಗೆ ಬೆನ್ನು ಮಾಡಿ ಕೂತು ಊಟ ಮಾಡತೊಡಗಿದರು.

ಹದಿನೈದು ದಿನದಲ್ಲಿ ಆಶ್ರಮದ ಆ ಬದಿ ಸ್ಮಶಾನದಷ್ಟು ಶಾಂತವಾಯಿತು. ಅವನು ಹೋಗಿ ವರದಿ ಒಪ್ಪಿಸಿದ.

"ಈಗ ಒಬ್ಬರೂ ರೇಗಿಸೋದಿಲ್ಲ, ಗುರುಗಳೇ. ತಲೆ ಎತ್ತಿ ನೋಡೋದೂ ಇಲ್ಲ. ಆಯಮ್ಮ ದಾರಿಯಲ್ಲಿ ಸಿಕ್ಕರೆ ದಾರಿ ಬಿಟ್ಟು ಸರಿದು ನಿಲ್ಲುತ್ತಾರೆ."

"ಮಾತು?"

"ಇಲ್ಲವೇ ಇಲ್ಲ. ಅಷ್ಟು ಗೌರವ."

ಗುರುಗಳು ಕಿಟಕಿಯ ಕಡೆ ತಿರುಗಿದರು.

"ಹೊನ್ನಿಯನ್ನು ಕಳಿಸು," ಎಂದರು.

ಮರುದಿನ ಬೆಳಿಗ್ಗೆ ಚಿದಂಬರ ಹಜಾರಕ್ಕೆ ಬಂದಾಗ ಮಕ್ಕಳು ತಲೆ ಬಗ್ಗಿಸಿದರು.

"ಬೊಮ್ಮ, ನೀರು ತುಂಬಿತಾ?"

ಬೊಮ್ಮ ಕೈ ಕಟ್ಟಿಕೊಂಡು, ನೆಲ ನೋಡುತ್ತ, ಗೋಡೆಯ ಪಕ್ಕಕ್ಕೆ ಸರಿದು ನಿಂತ. ಚಿದಂಬರ ಹತ್ತಿರ ಹೋದಷ್ಟೂ ಗೋಡೆಗೆ ಅಂಟಿದ.

"ಏನಾಯ್ತೋ ನಿನಗೆ?"

ಪಾಠದ ಹೊತ್ತಿಗೆ ಹತ್ತೊಂಬತ್ತು ಮಕ್ಕಳೂ ಅವನಿಗೆ ಬೆನ್ನು ಮಾಡಿ ಕೂತಿದ್ದರು. ಒಬ್ಬರೂ ಗುಸುಗುಸು ಅನ್ನಲಿಲ್ಲ. ಅವನು ಪ್ರಶ್ನೆ ಕೇಳಿದಾಗ ಹತ್ತೊಂಬತ್ತು ಬೆನ್ನುಗಳು ಇನ್ನಷ್ಟು ನೆಟ್ಟಗಾದವು. ಅಂಗಳದಲ್ಲಿ ಅವನು ಬರುತ್ತಿದ್ದರೆ ದಾರಿ ಖಾಲಿಯಾಗುತ್ತಿತ್ತು. ಬಾವಿಯ ಹತ್ತಿರ ಅವನನ್ನು ಕಂಡವರು ಕೊಡವನ್ನು ಅಲ್ಲೇ ಇಟ್ಟು ಹೋದರು. ಅಡಿಗೆಮನೆಯಲ್ಲಿ ನಗು ಕೇಳಿಸಿತು. ಅವನು ಬಾಗಿಲಿಗೆ ಬಂದ ತಕ್ಷಣ ನಿಂತುಹೋಯಿತು.

ಗುರುಗಳ ಆಟ ಇದು ಎಂದು ಹತ್ತು ಗಂಟೆಯ ಹೊತ್ತಿಗೇ ಅವನಿಗೆ ಗೊತ್ತಾಗಿತ್ತು. ಗೊತ್ತಾದದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಊಟದ ಹೊತ್ತಾಯಿತು.

ಆಶ್ರಮದಲ್ಲಿ ಊಟಕ್ಕೆ ಗಂಟೆ ಬಾರಿಸುವ ಪದ್ಧತಿಯಿಲ್ಲ. ಗಂಟೆ ದನದ ಕೊರಳಿಗೆ ಎಂದು ಗುರುಗಳು ಹಿಂದೆಯೇ ಹೇಳಿಬಿಟ್ಟಿದ್ದರು. ಬಡಿಸುವ ಸರದಿಯ ಮಗು ಒಬ್ಬೊಬ್ಬರ ಎದುರೂ ಹೋಗಿ ನಿಂತು, "ಎಲೆ ಹಾಕಿದೆ, ಬನ್ನಿ" ಎನ್ನಬೇಕು. ಕರೆಯದೆ ಯಾರೂ ಎಲೆಯ ಮುಂದೆ ಕೂರುವಂತಿಲ್ಲ. ಎಷ್ಟೇ ಹಸಿವಿರಲಿ, ಎಷ್ಟೇ ದೊಡ್ಡವರಿರಲಿ. ಇಪ್ಪತ್ತೆರಡು ವರ್ಷದಲ್ಲಿ ಚಿದಂಬರ ಒಮ್ಮೆಯೂ ಈ ನಿಯಮ ಮೀರಿರಲಿಲ್ಲ.

ಅವನು ಕೈಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತ.

ಆ ದಿನ ಹೊನ್ನಿಯ ಸರದಿ. ಅವಳು ಒಬ್ಬೊಬ್ಬರನ್ನೂ ಕರೆದಳು. "ಎಲೆ ಹಾಕಿದೆ, ಬಾ." "ಎಲೆ ಹಾಕಿದೆ, ಬಾರೋ." ದನಿ ಅಂಗಳದಲ್ಲಿ ಸುತ್ತಿ ಸುತ್ತಿ ಬಂತು. ಜಗಲಿಯ ಹತ್ತಿರ ಬಂತು, ಹಾದುಹೋಯಿತು. ಅವನ ಎಲೆಯನ್ನೂ ಹಾಕಿದ್ದರು. ತುದಿಗೆ ಉಪ್ಪು ಬಡಿಸಿತ್ತು. ಅವನು ನೋಡುತ್ತಿದ್ದಂತೆ ಅದರ ಮೇಲೊಂದು ನೊಣ ಕೂತಿತು.

ಚಿದಂಬರ ಕಾದ. ಕತ್ತು ಹೊರಳಿಸಿದಾಗ, ಬೇಲಿಯಾಚೆಯ ಚಪ್ಪಡಿ ಕಲ್ಲಿನ ಮೇಲೆ ಮುದುಕಿ ಎಂದಿನಂತೆ ಕೂತಿದ್ದಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರ ಮುಖವೂ ಇಷ್ಟು ಹೊತ್ತು ಎದುರಾಬದುರಾಗಿತ್ತು. ನಡುವೆ ಬೇಲಿಯ ಕಳ್ಳಿಗಿಡ.

ಆಕೆ ಸ್ವಲ್ಪ ಹೊತ್ತು ಅವನನ್ನು ನೋಡಿದಳು.

"ಕರೀಲಿಲ್ವ?" ಎಂದಳು.



"ಇಲ್ಲ," ಎಂದ ಚಿದಂಬರ.

"ಹ್ಞೂಂ," ಎಂದಳು ಆಕೆ.

ಪಡಸಾಲೆಯಲ್ಲಿ ಮಕ್ಕಳು ಉಂಡು ಎದ್ದರು. ಆಕೆಯೂ ಮಂಡಿಯ ಮೇಲೆ ಕೈಯೂರಿ ಎದ್ದು ಒಳಗೆ ಹೋದಳು. ಅವಳ ಬಾಗಿಲು ಮುಚ್ಚಿದ ಸದ್ದು ಕೇಳಿತು.

ಸಂಜೆ ಅವನು ಗುರುಗಳ ಕೋಣೆಗೆ ಹೋದಾಗ ಹೊಟ್ಟೆ ಹಸಿದಿತ್ತು.

"ಇದು ಇನ್ನೂ ಎಷ್ಟು ದಿನ, ಗುರುಗಳೇ?"

"ಯಾಕೆ? ಗೌರವ ಸಾಕಾಯಿತೇ?"

ಚಿದಂಬರ ಮಂಚದ ಬಳಿಯ ಖಾಲಿ ಬಟ್ಟಲನ್ನು ಎತ್ತಿಕೊಂಡ.

"ನಿನಗೆ ಒಂದೇ ದಿನ," ಎಂದರು ಗುರುಗಳು. "ಹೋಗು, ಊಟ ಮಾಡು."

ಮುದುಕಿ ಆಡಿದ ಒಂದು ಮಾತನ್ನು ಅವನು ಹೇಳಲಿಲ್ಲ. ಬೇಲಿಯಾಚೆಯವಳ ಕನಿಕರ ತನಗೆ ಬಂದದ್ದು ಹೇಳಿಕೊಳ್ಳುವಂಥದಾಗಿ ಅವನಿಗೆ ಕಾಣಲಿಲ್ಲ.

ರಾತ್ರಿಯೆಲ್ಲ ಯೋಚಿಸಿ ಅವನು ಒಂದು ನಿರ್ಣಯಕ್ಕೆ ಬಂದ. ಮೌನ ತಪ್ಪು. ಮಾತಾಡಬೇಕು. ಓದಿದವರು ಹೀಗೆ ಒಂದು ಪಾಠದ ಅರ್ಧವನ್ನು ತಕ್ಷಣ ಗ್ರಹಿಸಿ, ಅದೇ ಪೂರ್ತಿ ಎಂದು ತಿಳಿದು ಎದ್ದು ಹೋಗುತ್ತಾರೆ.

ಬೆಳಿಗ್ಗೆ ಹೊಸ ನಿಯಮ ಬಂತು. ಆಯಮ್ಮ ಕಂಡರೆ ಎಲ್ಲರೂ ನಿಂತು, ಕೈಮುಗಿದು, "ನಮಸ್ಕಾರ ಅಜ್ಜಿ" ಎನ್ನಬೇಕು. ಮೊದಲ ದಿನ ಹತ್ತೊಂಬತ್ತು ದನಿ ಒಟ್ಟಿಗೆ ಎದ್ದಾಗ ಮೇಕೆ ಹೆದರಿ ಗೂಟ ಕಿತ್ತುಕೊಂಡು ಓಡಿತು. ಮಕ್ಕಳೇ ಹಿಡಿದುಕೊಟ್ಟರು. ಆಕೆ ನಕ್ಕಳು ಎಂದು ಬೊಮ್ಮ ಹೇಳಿದ. ಆಕೆಗೆ ಹಲ್ಲಿದೆ ಎಂಬುದೇ ಅವನಿಗೆ ದೊಡ್ಡ ಸುದ್ದಿ.

ಚಿದಂಬರನಿಗೆ ಉತ್ಸಾಹ ಬಂತು. ದೀಪಾವಳಿಗೆ ಎಂಟು ದಿನ ಉಳಿದಿತ್ತು.

"ಬರೀ ನಮಸ್ಕಾರ ಸಾಲದು," ಎಂದ ಮಕ್ಕಳಿಗೆ. "ಅವರಿಗೆ ಏನು ಬರೋದಿಲ್ಲವೋ ಅದನ್ನು ನಗದೆ, ಪ್ರೀತಿಯಿಂದ ಹೇಳಿಕೊಡಬೇಕು. ಅದು ನಿಜವಾದ ಸಹಾನುಭೂತಿ. ಅಜ್ಜಿಗೆ ಏನು ಬರೋದಿಲ್ಲ?"

"ಲೆಕ್ಕ!" ಎಂದರು ಎಲ್ಲರೂ.

ಹುಣಸೆಬೀಜದ ಉಪಾಯ ಬೊಮ್ಮನದು. ಒಳ್ಳೆಯ ಉಪಾಯವೇ. ಒಬ್ಬೊಬ್ಬರೂ ಒಂದೊಂದು ಬೀಜ ತಂದರು, ತೊಳೆದರು, ಬಟ್ಟೆಯಿಂದ ಉಜ್ಜಿ ಹೊಳಪು ಬರಿಸಿದರು. ಹತ್ತೊಂಬತ್ತು ಬೀಜ. ಇಪ್ಪತ್ತನೆಯದನ್ನು ಚಿದಂಬರ ತಾನೇ ಉಜ್ಜಿದ. ತೆಂಗಿನ ಚಿಪ್ಪಿನಲ್ಲಿ ಹಾಕಿ, ಮೇಲೊಂದು ದಾಸವಾಳದ ಹೂವಿಟ್ಟರು. ಒಂದು ಬೀಜಕ್ಕೆ ಒಂದು ಎಲೆ. ಬೀಜ ಮುಗಿದರೆ ಎಲೆ ಮುಗಿಯಿತು. ಎಂಥವರಿಗೂ ತಿಳಿಯಬೇಕು.

"ನಾನು ಬರೋದಿಲ್ಲ," ಎಂದಳು ಹೊನ್ನಿ.

"ಯಾಕೆ?"

"ಗೊತ್ತಿಲ್ಲ ಅಯ್ನೋರೇ. ಒಂಥರಾ ಆಗ್ತಿದೆ."

"ಒಂಥರಾ ಅನ್ನೋದು ಕಾರಣ ಅಲ್ಲ. ನಡಿ."

ಮಧ್ಯಾಹ್ನ ಮುದುಕಿ ಕೈಕಾಲು ತೊಳೆದು ಕಲ್ಲಿನ ಮೇಲೆ ಕೂತ ಹೊತ್ತಿಗೆ ಮೆರವಣಿಗೆ ಬೇಲಿಯ ಹತ್ತಿರ ಹೋಯಿತು. ಇಷ್ಟು ಜನ ಒಟ್ಟಿಗೆ ತನ್ನ ಕಡೆಗೆ ಬರುವುದನ್ನು ಕಂಡು ಆಕೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಕೆದರಿದ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಒತ್ತಿದಳು. ಬೇಲಿಯ ಕಡೆಗೆ ಒಂದು ಹೆಜ್ಜೆ ಮುಂದೆ ಬಂದಳು.

"ನಮಸ್ಕಾರ ಅಜ್ಜಿ!"

"ನಮಸ್ಕಾರ ಕಣ್ರಪ್ಪ."

ಬೊಮ್ಮ ಚಿಪ್ಪನ್ನು ಕಳ್ಳಿಗಿಡದ ಸಂದಿಯಿಂದ ಚಾಚಿದ.

"ಇದೇನು?"

"ಅಜ್ಜಿ, ನೀವು ದಿನಾ ಒಂದೆಲೆ ಹೆಚ್ಚು ಇಡ್ತೀರ," ಎಂದ ಚಿದಂಬರ. ಮಕ್ಕಳಿಗೆ ಮಾದರಿಯಾಗುವಂಥ ಮೃದು ದನಿಯಲ್ಲಿ ಹೇಳಿದ. "ಸುಮ್ಮನೆ ನಿಮಗೆ ಶ್ರಮ. ಈ ಬೀಜ ಇಟ್ಟುಕೊಳ್ಳಿ. ಒಂದೊಂದಕ್ಕೆ ಒಂದೊಂದು ಎಲೆ."

ಆಕೆ ಬೀಜಗಳನ್ನು ಅಂಗೈಗೆ ಸುರಿದುಕೊಂಡಳು. ಹೂವನ್ನು ಕಿವಿಯ ಹಿಂದೆ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಒಂದೊಂದಾಗಿ ಸರಿಸುತ್ತ ಹೋದಳು. ಮಕ್ಕಳು ಕತ್ತು ಚಾಚಿ ನೋಡುತ್ತಿದ್ದರು. ಕೊನೆಯ ಬೀಜವನ್ನು ಸರಿಸಿದ ಮೇಲೂ ಹೆಬ್ಬೆರಳು ಅಂಗೈಯ ಮೇಲೆ ಇನ್ನೊಂದು ಸಲ ಆಡಿತು.

"ಇಷ್ಟೇನಾ?" ಎಂದಳು.

"ಇಷ್ಟೇ ಅಜ್ಜಿ!"

ಆಕೆ ಚಿದಂಬರನ ಮುಖ ನೋಡಿದಳು.

"ಇಷ್ಟೇನಾ ಅಯ್ನೋರೇ?"

"ಇಷ್ಟೇ ಅಮ್ಮ," ಎಂದ ಚಿದಂಬರ.

"ಸರಿ," ಎಂದಳು.

ಮಕ್ಕಳು ಚಪ್ಪಾಳೆ ತಟ್ಟಿದರು. ಹೊನ್ನಿಯ ಕೈ ಮಾತ್ರ ಲಂಗದ ಮಡಿಕೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಗೂಟದ ಮೇಲೆ ಕಟ್ಟು ಇತ್ತು. ಬೊಮ್ಮ ಎಣಿಸಿದ. ಇನ್ನೊಬ್ಬ ಎಣಿಸಿದ. ಚಿದಂಬರ ತಾನೇ ಎಣಿಸಿದ. ಇಪ್ಪತ್ತು.

ಕಟ್ಟಿನ ಪಕ್ಕದಲ್ಲಿ ತೆಂಗಿನ ಚಿಪ್ಪೂ ಇತ್ತು. ಒಳಗೆ ಬೀಜಗಳಿದ್ದವು. ಅವನ್ನೂ ಎಣಿಸಿದರು. ಒಂದೂ ಕಡಿಮೆಯಾಗಿರಲಿಲ್ಲ.

"ಅಜ್ಜಿ ಕಲಿತುಬಿಟ್ರು!" ಎಂದು ಮಕ್ಕಳು ಅಂಗಳದ ತುಂಬ ಕುಣಿದರು.

ಆ ದಿನ ಊಟ ಮುಗಿದಾಗ ಹಿಂದಿರುಗಿಸಲು ಏನೂ ಇರಲಿಲ್ಲ. ಕೈ ಖಾಲಿಯಿದ್ದದ್ದರಿಂದ ಚಿದಂಬರನಿಗೆ ಸ್ವಲ್ಪ ವಿಚಿತ್ರವೆನಿಸಿತು. ಅಭ್ಯಾಸಬಲದಿಂದ ಗೂಟದವರೆಗೂ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದ.

ಸಂಜೆ ಗುರುಗಳ ಕೋಣೆಗೆ ಹೋದ. ನದಿಯ ನೀರು ಕಿಟಕಿಯಲ್ಲಿ ಕೆಂಪಗಾಗಿತ್ತು. ಗುರುಗಳು ಗಂಜಿ ಮುಗಿಸಿ ಬಟ್ಟಲನ್ನು ಎದೆಯ ಮೇಲೆ ಇಟ್ಟುಕೊಂಡಿದ್ದರು.

"ಮಕ್ಕಳು ಕಲಿತರು, ಗುರುಗಳೇ," ಎಂದ. "ಈಗ ಮಾತಾಡಿಸುತ್ತಾರೆ, ಕೈಮುಗಿಯುತ್ತಾರೆ. ಮೇಕೆ ತಪ್ಪಿಸಿಕೊಂಡರೆ ಹಿಡಿದುಕೊಡುತ್ತಾರೆ. ಆಯಮ್ಮನಿಗೂ ಒಂದು ಉಪಕಾರ ಮಾಡಿದರು."

"ಏನು ಉಪಕಾರ?"

ಮೊದಲ ಬಾರಿಗೆ ಚಿದಂಬರ ಎಲೆಯ ಕಥೆಯನ್ನೆಲ್ಲ ಹೇಳಿದ. ಎರಡು ವರ್ಷ ಬಂದ ಇಪ್ಪತ್ತೊಂದು, ಎರಡು ವರ್ಷ ಹಿಂದಿರುಗಿಸಿದ ಒಂದು, ಕೊನೆಗೆ ಹುಣಸೆಬೀಜ. ತಾನು ಒಂದು ದಿನವೂ ಹೆಚ್ಚಿನ ಎಲೆಯನ್ನು ಇಟ್ಟುಕೊಳ್ಳಲಿಲ್ಲ ಎಂಬುದನ್ನು ಎರಡು ಸಲ ಹೇಳಿದ.

"ಇವತ್ತು ಸರಿಯಾಗಿ ಇಪ್ಪತ್ತು ಬಂತು."

ಗುರುಗಳ ಕೈ ದಿಂಬಿನ ಕೆಳಗೆ ಹೋಯಿತು. ಬೀಗದ ಕೈ ಗೊಂಚಲು ಹೊರಬಂತು. ಚಿದಂಬರ ಒಂದು ಹೆಜ್ಜೆ ಮುಂದೆ ಬಂದ.

"ಹೆಚ್ಚಿನ ಎಲೆ ನನಗೆ ಅಂತ ಇರಲಿಲ್ಲವೇ?" ಎಂದು ಕೇಳಿದರು ಗುರುಗಳು. ಗೊಂಚಲು ಇನ್ನೂ ಅವರ ಮುಷ್ಟಿಯಲ್ಲಿತ್ತು.

"ಇಲ್ಲ. ನೀವು ಗಂಜಿ ಕುಡಿಯೋದು ಆಯಮ್ಮನಿಗೆ ಗೊತ್ತಂತೆ. ಅವರೇ ಹೇಳಿದರು."

"ಮಕ್ಕಳು ಹೆಚ್ಚು ಕಡಿಮೆಯಾದಾಗ?"

"ಎಲೆಯೂ ಹೆಚ್ಚು ಕಡಿಮೆಯಾಗುತ್ತಿತ್ತು. ಒಂದು ಮಾತ್ರ ಮೇಲೆ ಇದ್ದೇ ಇರುತ್ತಿತ್ತು."

"ನಾವು ಊಟಕ್ಕೆ ಕೂರುವ ಹೊತ್ತಿಗೆ ಆಯಮ್ಮ ಏನು ಮಾಡುತ್ತಾರೆ?"

ಇದೇಕೆ ಕೇಳುತ್ತಾರೆ ಎಂದು ಚಿದಂಬರನಿಗೆ ತಿಳಿಯಲಿಲ್ಲ.

"ಕೈಕಾಲು ತೊಳೆದುಕೊಂ‍ಡು ಬೇಲಿಯ ಹತ್ತಿರ ಕಲ್ಲಿನ ಮೇಲೆ ಕೂರುತ್ತಾರೆ."

"ಕೂತು?"

"ಏನೂ ಇಲ್ಲ, ಗುರುಗಳೇ. ಸುಮ್ಮನೆ ಕೂತಿರುತ್ತಾರೆ. ನಮ್ಮ ಊಟ ಮುಗಿದ ಮೇಲೆ ಎದ್ದು ಹೋಗುತ್ತಾರೆ."

"ಒಂದು ದಿನವೂ ಏನೂ ಮಾತಾಡಲಿಲ್ಲವೇ?"

ಚಿದಂಬರ ತಡೆದ.

"ಮಕ್ಕಳು ನನ್ನನ್ನು ಊಟಕ್ಕೆ ಕರೆಯದೆ ಬಿಟ್ಟ ದಿನ ಒಂದು ಮಾತು ಕೇಳಿದ್ದರು."

"ಏನಂತ?"

"ಕರೀಲಿಲ್ವ, ಅಂತ."

ಹೊರಗೆ ಯಾರೋ ಮಗು ಇನ್ನೊಂದನ್ನು ಅಟ್ಟಿಸಿಕೊಂಡು ಓಡಿದ ಸದ್ದು ಕೇಳಿತು, ನಿಂತಿತು.

"ಇವತ್ತು ಕಲ್ಲಿನ ಮೇಲೆ ಕೂತಿದ್ದರೇ?"

"ಇಲ್ಲ," ಎಂದ ಚಿದಂಬರ. "ಇವತ್ತು ಬಾಗಿಲು ತೆರೆಯಲಿಲ್ಲ."

ಗುರುಗಳು ಬೀಗದ ಕೈ ಗೊಂಚಲನ್ನು ಮತ್ತೆ ದಿಂಬಿನ ಕೆಳಗೆ ಇಟ್ಟರು. ಖಾಲಿ ಬಟ್ಟಲನ್ನು ನೆಲದ ಮೇಲಿಟ್ಟರು. ಅವನ ಕಡೆ ನೋಡದೆ, ನದಿಯ ಕಡೆ ಮುಖ ಮಾಡಿ ಹೇಳಿದರು:

"ಇಪ್ಪತ್ತೊಂದನೆಯದು ಆಯಮ್ಮನ ಎಲೆ."